ಸಂಪಿಗೆಯ ಆಚಾರ್ಯರೂ ‘ಟ್ರ್ಯಾಜೆಡಿ’ ಎಂಬ ಶಬ್ದವೂ

ಇಂಗ್ಲಿಷ್ ಪಾಠದ ನಡುವೆ ‘ಟ್ರ್ಯಾಜೆಡಿ’ ಎಂಬ ಶಬ್ದ ಬಂದಾಗ ಅದರ ಅರ್ಥವೇನೆಂದು ಕೇಳಿದರೆ ನಮ್ಮ ಪ್ರೌಢಶಾಲೆಯ ಮಕ್ಕಳು ತಡಮಾಡದೆ ಉತ್ತರ ಕೊಡುತ್ತಾರೆ. ಒಬ್ಬನು ಅಪಘಾತವೆನ್ನುತ್ತಾನೆ, ಇನ್ನೊಬ್ಬನು ದುಃಖವೆನ್ನುತ್ತಾನೆ, ನಿಘಂಟನ್ನು ನೋಡಿ ಬಂದವಳು ದುರಂತವೆನ್ನುತ್ತಾಳೆ. ಮೂರೂ ತಪ್ಪಲ್ಲ. ಆದರೆ ಅದೇ ಶಬ್ದವನ್ನಿಟ್ಟು ಒಂದು ವಾಕ್ಯವನ್ನು ರಚಿಸಿರೆಂದರೆ ತರಗತಿ ಮೌನವಾಗುತ್ತದೆ. ಅರ್ಥವನ್ನು ಬಲ್ಲವರಿಗೂ ಬಳಕೆ ಒಲಿದಿರುವುದಿಲ್ಲ. ಈ ಮೌನವನ್ನು ಕಂಡಾಗಲೆಲ್ಲ, ನಮ್ಮದೇ ತೆಂಗಿನ ಸೀಮೆಯಲ್ಲಿ ಜನಿಸಿ, ಇದೇ ಒಂದು ಶಬ್ದವನ್ನು ಕನ್ನಡಿಗರಿಗೆ ತಿಳಿಯಪಡಿಸುವುದಕ್ಕಾಗಿ ವರ್ಷಗಟ್ಟಲೆ ಶ್ರಮಿಸಿದ ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರ ಸ್ಮರಣೆಯುಂಟಾಗುತ್ತದೆ. ‘ಶ್ರೀ’ ಎಂಬ ಕಾವ್ಯನಾಮದಿಂದಲೂ ‘ಕನ್ನಡದ ಕಣ್ವ’ ಎಂಬ ಗೌರವದ ಹೆಸರಿನಿಂದಲೂ ನಾಡಿಗೆಲ್ಲ ಪರಿಚಿತರಾದ ಅವರು ವೃತ್ತಿಯಿಂದ ಕನ್ನಡದ ಅಧ್ಯಾಪಕರಾಗಿರಲಿಲ್ಲ, ಇಂಗ್ಲಿಷ್ ಭಾಷೆಯ ಅಧ್ಯಾಪಕರಾಗಿದ್ದರು ಎಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಅರಿಯರು.

ತುರುವೇಕೆರೆ ತಾಲ್ಲೂಕಿನ ಸಂಪಿಗೆ ಗ್ರಾಮದಲ್ಲಿ 1884ನೆಯ ಇಸವಿ ಜನವರಿ 3ರಂದು ಅವರ ಜನನವಾಯಿತು. ಸಂಪಿಗೆ ಅವರ ತಾಯಿಯ ತವರು. ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಹೆಸರಿನ ಮೊದಲಕ್ಷರ ಬಂದದ್ದು ಅಲ್ಲಿಂದ. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದುದರಿಂದ ಬಾಲ್ಯದ ವಿದ್ಯಾಭ್ಯಾಸ ಕಾವೇರಿಯ ದಡದಲ್ಲಿ ನಡೆಯಿತು. ಮುಂದೆ ಮೈಸೂರು, ಬೆಂಗಳೂರು, ಮದರಾಸು ಎಂದು ಕಲಿಕೆ ಬೆಳೆಯುತ್ತ ಹೋಗಿ, ಬಿ.ಎ., ಬಿ.ಎಲ್. ಪದವಿಗಳ ತರುವಾಯ ಎಂ.ಎ. ಪದವಿಯೂ ದೊರೆತು, 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ನಿಂತರು. ತಂದೆಯಂತೆ ಕರಿಕೋಟು ತೊಟ್ಟು ನ್ಯಾಯಾಲಯಕ್ಕೆ ಹೋಗಬಹುದಾಗಿದ್ದವರು ಪಾಠದ ಮೇಜಿನ ಬಳಿಗೆ ಬಂದುದು ಕನ್ನಡದ ಭಾಗ್ಯವೆಂದೇ ಹೇಳಬೇಕು.

ಆ ಕಾಲದಲ್ಲಿ ಇಂಗ್ಲಿಷ್ ಕಲಿತವರು ಇಂಗ್ಲಿಷಿನಲ್ಲಿಯೇ ಚಿಂತಿಸಿ, ಇಂಗ್ಲಿಷಿನಲ್ಲಿಯೇ ಬರೆದು, ಮನೆಯ ಮಾತಿಗೆ ಮಾತ್ರ ಕನ್ನಡವನ್ನು ಮೀಸಲಿಡುತ್ತಿದ್ದರು. ಶ್ರೀಯವರು ಈ ದಾರಿಯನ್ನು ಹಿಡಿಯಲಿಲ್ಲ. ಅಧ್ಯಾಪಕರಾಗಿ ಎರಡು ವರ್ಷ ತುಂಬುವಷ್ಟರಲ್ಲಿ, 1911ರಲ್ಲಿ, ಧಾರವಾಡದ ವಿದ್ಯಾವರ್ಧಕ ಸಂಘದ ವೇದಿಕೆಯಿಂದ ಕನ್ನಡ ನುಡಿ ತಲೆಯೆತ್ತಿ ನಿಲ್ಲುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಆಗ ಧಾರವಾಡವು ಮುಂಬಯಿ ಪ್ರಾಂತ್ಯದಲ್ಲಿತ್ತು. ಮೈಸೂರು ಒಂದು ಸಂಸ್ಥಾನವಾಗಿತ್ತು. ಇಪ್ಪತ್ತೇಳು ವರ್ಷದ ಇಂಗ್ಲಿಷ್ ಅಧ್ಯಾಪಕನೊಬ್ಬನು ಎಲ್ಲೆಯನ್ನು ದಾಟಿ ಹೋಗಿ ಕನ್ನಡದ ಮಾತನ್ನಾಡಿದುದು ಅಂದಿಗೆ ಸಣ್ಣ ಸಂಗತಿಯಲ್ಲ. ಪರಭಾಷೆಯಲ್ಲಿ ತಾವು ಸವಿದುದನ್ನು ತಮ್ಮ ಜನ ತಮ್ಮ ನುಡಿಯಲ್ಲಿ ಸವಿಯಬೇಕೆಂಬುದು ಅವರ ಹಂಬಲವಾಗಿತ್ತು. ಆ ಹಂಬಲಕ್ಕೆ ಅತಿ ಕಠಿನವಾದ ಪರೀಕ್ಷೆಯನ್ನೊಡ್ಡಿದ ಶಬ್ದವೇ ಟ್ರ್ಯಾಜೆಡಿ.

ಈ ಶಬ್ದದ ಬೇರನ್ನು ಹುಡುಕಿ ಹೊರಟವರಿಗೆ ಮೊದಲು ಎದುರಾಗುವುದು ಒಂದು ಆಡು! ಗ್ರೀಕ್ ಭಾಷೆಯಲ್ಲಿ ‘ತ್ರಾಗೋಸ್’ ಎಂದರೆ ಆಡು, ‘ಓಡೆ’ ಎಂದರೆ ಹಾಡು. ಎರಡೂ ಕೂಡಿ ಆಡಿನ ಹಾಡು. ಹಾಡಿ ಗೆದ್ದವರಿಗೆ ಆಡು ಬಹುಮಾನವಾಗಿತ್ತೆಂದು ಕೆಲವರು, ಆಡಿನ ಬಲಿಯ ಸಂದರ್ಭದಲ್ಲಿ ಹಾಡುತ್ತಿದ್ದರೆಂದು ಕೆಲವರು ಹೇಳುತ್ತಾರೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇದರಿಂದ ವಿದ್ಯಾರ್ಥಿಗೆ ತಿಳಿಯುವುದಿಷ್ಟೆ: ಶಬ್ದದ ವ್ಯುತ್ಪತ್ತಿಯನ್ನು ಬಲ್ಲವನು ಶಬ್ದವನ್ನೇ ಬಲ್ಲನೆಂದು ಭಾವಿಸಬಾರದು. ಅಥೆನ್ಸ್ ನಗರದಲ್ಲಿ ಡಯೊನೈಸಸ್ ದೇವತೆಯ ಉತ್ಸವದ ದಿನಗಳಲ್ಲಿ ಬಯಲು ರಂಗಮಂದಿರದಲ್ಲಿ ಆಡುತ್ತಿದ್ದ ಗಂಭೀರ ನಾಟಕಗಳಿಗೆ ಈ ಹೆಸರಿತ್ತು. ಅವುಗಳ ಲಕ್ಷಣವನ್ನು ಅರಿಸ್ಟಾಟಲನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ವಿವೇಚಿಸಿದನು. ಅವನ ಮತದಂತೆ ನಾಯಕನು ಕೇವಲ ಸಜ್ಜನನೂ ಅಲ್ಲ, ಕೇವಲ ದುರ್ಜನನೂ ಅಲ್ಲ. ಎತ್ತರದಲ್ಲಿದ್ದವನು, ತನ್ನದೇ ಒಂದು ತಪ್ಪಿನಿಂದ ಕೆಳಗೆ ಬೀಳುವವನು. ಅವನ ಪತನವನ್ನು ಕಂಡು ನೋಡುವವರಲ್ಲಿ ಕರುಣೆಯೂ ಭಯವೂ ಒಟ್ಟಿಗೆ ಹುಟ್ಟಬೇಕು.

ನಮ್ಮ ದೇಶದ ನಾಟ್ಯಪರಂಪರೆ ಬೇರೆ ಹಾದಿಯದು. ನಾಯಕನ ವಧೆಯನ್ನು ರಂಗದ ಮೇಲೆ ತೋರಿಸಬಾರದು, ನಾಟಕ ಮಂಗಳದಲ್ಲಿ ಮುಗಿಯಬೇಕು ಎಂಬುದು ನಮ್ಮ ಲಾಕ್ಷಣಿಕರ ನಿಯಮ. ಭಾಸನ ‘ಊರುಭಂಗ’ದಂತಹ ಅಪವಾದವಿದೆಯೆಂಬುದು ತಿಳಿದದ್ದೇ ಇಪ್ಪತ್ತನೆಯ ಶತಮಾನದಲ್ಲಿ, ತಿರುವನಂತಪುರದಲ್ಲಿ ಭಾಸನ ನಾಟಕಗಳು ಅಚ್ಚಾದ ಮೇಲೆ. ಆದಕಾರಣ ಟ್ರ್ಯಾಜೆಡಿಯೆಂಬ ಶಬ್ದಕ್ಕೆ ಕನ್ನಡದಲ್ಲಿ ಹೆಸರಿರಲಿಲ್ಲ. ಹೆಸರಿಡಲು ವಸ್ತುವೂ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಷೇಕ್ಸ್‌ಪಿಯರನ ರೋಮಿಯೊ–ಜೂಲಿಯೆಟ್ ಕಥೆ ‘ರಾಮವರ್ಮ ಲೀಲಾವತಿ’ಯಾಗಿ ಕನ್ನಡಕ್ಕೆ ಬಂದಾಗ ಅದರ ಕೊನೆಯನ್ನು ಮಂಗಳವಾಗಿ ತಿದ್ದಲಾಗಿತ್ತು. ಸತ್ತ ಪ್ರೇಮಿಗಳನ್ನು ಸತ್ತಂತೆಯೇ ಬಿಟ್ಟು ತೆರೆಯೆಳೆಯಲು ಅಂದಿನ ರಂಗಭೂಮಿಗೆ ಮನಸ್ಸು ಬರಲಿಲ್ಲ. ಅದನ್ನು ನಾನು ಅಪಹಾಸ್ಯ ಮಾಡಲಾರೆ. ಮುರಿದ ಮನೆಯನ್ನು ಕಟ್ಟಿಕೊಡಬೇಕೆಂಬ ಹಂಬಲ ಕೆಟ್ಟದ್ದಲ್ಲ. ಆದರೆ ಕೊನೆಯನ್ನು ತಿದ್ದಿದವರು ಶಬ್ದವನ್ನು ಕಲಿಯಲಿಲ್ಲ, ಕಲಿಯುವ ಕಷ್ಟವನ್ನು ದಾಟಿ ಹೋದರು ಎಂಬುದಂತೂ ನಿಜ.

ಶ್ರೀಯವರು ಶಬ್ದಗಳನ್ನು ಎಷ್ಟು ಎಚ್ಚರದಿಂದ ತೂಗುತ್ತಿದ್ದರೆಂಬುದಕ್ಕೆ 1926ರಲ್ಲಿ ಪ್ರಸಿದ್ಧಿಗೆ ಬಂದ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ನೋಡಬೇಕು. ಪಾಲ್‌ಗ್ರೇವನ ‘ಗೋಲ್ಡನ್ ಟ್ರೆಷರಿ’ಯಲ್ಲಿನ ಅನೇಕ ಭಾವಗೀತೆಗಳು ಅದರಲ್ಲಿ ಕನ್ನಡದ ಹೊಸ ಮಟ್ಟುಗಳನ್ನು ಪಡೆದಿವೆ. ನ್ಯೂಮನ್ ಎಂಬ ಧರ್ಮಬೋಧಕನು 1833ರಲ್ಲಿ ಕಡಲ ಪಯಣದ ನಡುವೆ ಬರೆದ ಪ್ರಾರ್ಥನಾಗೀತೆಯೊಂದು ಅಲ್ಲಿದೆ. ಶ್ರೀಯವರ ಅನುವಾದದಲ್ಲಿ ಅದನ್ನು ನಾಡಿನ ಎಷ್ಟೋ ಶಾಲೆಗಳ ಮಕ್ಕಳು ಬೆಳಗಿನ ಪ್ರಾರ್ಥನೆಯಾಗಿ ಹಾಡಿದ್ದಾರೆ. ಮೂಲದಲ್ಲಿ ಬೆಳಕಿಗೆ ‘ಕೈಂಡ್ಲಿ’ ಎಂಬ ವಿಶೇಷಣವಿದೆ. ಅರ್ಜಿಗಳನ್ನು ಬರೆದು ಅಭ್ಯಾಸವಾದ ನಮಗೆ ‘ಕೈಂಡ್ಲಿ’ಯೆಂದರೆ ‘ದಯವಿಟ್ಟು’ ಎಂಬ ಕ್ರಿಯಾವಿಶೇಷಣವೇ. ‘ಲಿ’ಯೆಂದು ಮುಗಿಯುವ ಇಂಗ್ಲಿಷ್ ಶಬ್ದಗಳೆಲ್ಲ ಕ್ರಿಯಾವಿಶೇಷಣಗಳೆಂದು ನಂಬಿದ ವಿದ್ಯಾರ್ಥಿ ಇಲ್ಲಿ ಎಡವುತ್ತಾನೆ. ಅಲ್ಲಿ ಅದು ಬೆಳಕಿನ ಸ್ವಭಾವವನ್ನು ಹೇಳುವ ಗುಣವಾಚಕ. ಶ್ರೀಯವರು ಅದಕ್ಕೆ ‘ಕರುಣಾಳು’ ಎಂಬ ಪದವನ್ನಿಟ್ಟರು. ಒಂದೇ ಪದದಿಂದ ವ್ಯಾಕರಣವೂ ಉಳಿಯಿತು, ಭಾವವೂ ಉಳಿಯಿತು. ಇಂಗ್ಲಿಷ್ ವ್ಯಾಕರಣದ ಒಂದು ಸೂಕ್ಷ್ಮವನ್ನು ತಮಗರಿವಿಲ್ಲದೆ ಪ್ರತಿದಿನ ಹಾಡುತ್ತಿರುವ ಮಕ್ಕಳಿಗೆ ಅದನ್ನು ಒಮ್ಮೆಯಾದರೂ ತೋರಿಸಿಕೊಡುವುದು ಅಧ್ಯಾಪಕರ ಕರ್ತವ್ಯವಾಗಿದೆ.

ಆದರೆ ಟ್ರ್ಯಾಜೆಡಿಗೆ ಇಷ್ಟು ಸುಲಭವಾಗಿ ಪದ ಒದಗುವಂತಿರಲಿಲ್ಲ. ನಮ್ಮ ಸೀಮೆಯವರಿಗೆ ಕೊಬ್ಬರಿಯಾಗುವ ಬಗೆ ಗೊತ್ತು. ಬಲಿತ ಕಾಯನ್ನು ಸಿಪ್ಪೆ ಸಹಿತ ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲುಗಿಸಿದರೆ ಗಡಗಡ ಸದ್ದಾದಾಗ ಗಿಟುಕು ಸಿದ್ಧವಾಯಿತೆಂದು ತಿಳಿಯುತ್ತೇವೆ. ಆತುರಪಟ್ಟು ಮೊದಲೇ ಒಡೆದರೆ ಕೊಬ್ಬರಿಯಿಲ್ಲ. ಶ್ರೀಯವರು ಈ ಶಬ್ದವನ್ನು ಅಟ್ಟದ ಮೇಲಿಟ್ಟದ್ದು ಹದಿನೇಳು ವರ್ಷ. 1909ರಲ್ಲಿ ಪಾಠ ಹೇಳತೊಡಗಿದವರು ತಮ್ಮ ಮೊದಲ ಉತ್ತರವನ್ನು ಹೊರತಂದದ್ದು 1926ರಲ್ಲಿ.

ಆ ಉತ್ತರವೇ ‘ಗದಾಯುದ್ಧ ನಾಟಕಂ’. ಅದಕ್ಕೆ ಆಧಾರವಾದುದು ಗ್ರೀಕ್ ಕೃತಿಯಲ್ಲ, ಹತ್ತನೆಯ ಶತಮಾನದ ಕೊನೆಯಲ್ಲಿ ಕವಿಚಕ್ರವರ್ತಿ ರನ್ನನು ಬರೆದ ಚಂಪೂಕಾವ್ಯ. ರನ್ನನು ತನ್ನ ಆಶ್ರಯದಾತನಾದ ಚಾಳುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಭೀಮನನ್ನೇ ಕಥಾನಾಯಕನನ್ನಾಗಿಸಿದನು. ಕಾವ್ಯದ ಇನ್ನೊಂದು ಹೆಸರೇ ‘ಸಾಹಸಭೀಮವಿಜಯಂ’. ಆದರೆ ಓದುತ್ತ ಹೋದಂತೆ ನಮ್ಮ ಕಣ್ಣು ಭೀಮನ ಮೇಲೆ ನಿಲ್ಲುವುದಿಲ್ಲ. ಹದಿನೆಂಟು ದಿನಗಳ ಯುದ್ಧ ಮುಗಿಯುತ್ತ ಬಂದ ಕುರುಕ್ಷೇತ್ರದಲ್ಲಿ ಹೆಣಗಳ ನಡುವೆ ಸಂಜಯನೊಡನೆ ನಡೆದುಹೋಗುವ ದುರ್ಯೋಧನನನ್ನು ನಾವು ಹಿಂಬಾಲಿಸುತ್ತೇವೆ. ಗುರು ದ್ರೋಣನ ಶವ, ತಮ್ಮ ದುಶ್ಶಾಸನನ ಶವ, ಪ್ರಾಣಮಿತ್ರ ಕರ್ಣನ ಶವ ಒಂದೊಂದಾಗಿ ಎದುರಾಗುತ್ತವೆ. ಶತ್ರುವಿನ ಮಗನಾದ ಅಭಿಮನ್ಯುವಿನ ದೇಹವನ್ನು ಕಂಡಾಗಲೂ ಅವನು ಹಗೆತನವನ್ನು ಮರೆತು ಆ ಬಾಲವೀರನಿಗೆ ತಲೆಬಾಗುತ್ತಾನೆ. ಛಲಕ್ಕಾಗಿ ಸರ್ವವನ್ನೂ ಕಳೆದುಕೊಂಡವನು, ಛಲವನ್ನು ಮಾತ್ರ ಬಿಡಲಾರದವನು. ಅರಿಸ್ಟಾಟಲನು ಹೇಳಿದ ನಾಯಕನು ಒಂಬೈನೂರು ವರ್ಷಗಳಿಂದ ಕನ್ನಡದಲ್ಲಿ ಹೆಸರಿಲ್ಲದೆ ಕುಳಿತಿದ್ದನು!

ಶ್ರೀಯವರು ಮಾಡಿದ ಕೆಲಸ ಮೇಲುನೋಟಕ್ಕೆ ಅಲ್ಪವೆನಿಸಬಹುದು. ಬಹುಮಟ್ಟಿಗೆ ರನ್ನನ ಪದ್ಯಗಳನ್ನೇ ಆಯ್ದು, ಅವನ್ನು ಪಾತ್ರಗಳ ಬಾಯಲ್ಲಿಟ್ಟು, ಗ್ರೀಕ್ ನಾಟಕದ ಮಾದರಿಯಲ್ಲಿ ಜೋಡಿಸಿದರು. ದುರ್ಯೋಧನನ ಪತನವೇ ನಾಟಕದ ಕೇಂದ್ರವಾಯಿತು. ಇಂಗ್ಲಿಷ್ ಓದಿದ್ದರಿಂದ ಹಳಗನ್ನಡ ಹೊಸದಾಗಿ ಕಂಡಿತು, ಹಳಗನ್ನಡ ಓದಿದ್ದರಿಂದ ಇಂಗ್ಲಿಷ್ ಶಬ್ದ ಬಿಡಿಸಿಕೊಂಡಿತು. ಹಳಗನ್ನಡದಲ್ಲಿಯೇ ನಾಟಕವನ್ನು ಉಳಿಸಿಕೊಂಡದ್ದರಿಂದ ಸಾಮಾನ್ಯ ಪ್ರೇಕ್ಷಕನಿಗೆ ಅದು ದೂರವಾಯಿತೆಂಬ ಆಕ್ಷೇಪಣೆಯುಂಟು. ಆಕ್ಷೇಪಣೆ ಸರಿಯಾದುದೇ, ಇಂದಿನ ವಿದ್ಯಾರ್ಥಿ ಅರ್ಥಕೋಶದ ನೆರವಿಲ್ಲದೆ ಅದನ್ನು ಓದಲಾರನು.

ದುರ್ಯೋಧನನಲ್ಲಿ ಕಂಡುದನ್ನು ಅವರು ರಾವಣನಲ್ಲಿಯೂ ಕಂಡರು. ನಾಗಚಂದ್ರನ ಪಂಪರಾಮಾಯಣವು ಜೈನ ಸಂಪ್ರದಾಯದ ಕೃತಿ. ಅಲ್ಲಿಯ ರಾವಣನು ಹತ್ತು ತಲೆಯ ರಾಕ್ಷಸನಲ್ಲ; ತನ್ನನ್ನು ಒಪ್ಪದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂಬ ವ್ರತವನ್ನು ಹೊತ್ತವನು. ಸೀತೆಯ ನಿಷ್ಠೆಯನ್ನು ಕಂಡು ಪಶ್ಚಾತ್ತಾಪಗೊಂಡು, ಅವಳನ್ನು ಒಪ್ಪಿಸಿಬಿಡಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸಬೇಕೆಂಬ ಅಭಿಮಾನ ಅವನನ್ನು ಬಿಡುವುದಿಲ್ಲ. ಅಲ್ಲಿಗೆ ಅವನ ಬಾಳು ಮುಗಿಯುತ್ತದೆ. ಈ ರಾವಣನನ್ನು ಕುರಿತು ಶ್ರೀಯವರು ಇಂಗ್ಲಿಷಿನಲ್ಲಿಯೇ ಒಂದು ಪ್ರಬಂಧವನ್ನು ಬರೆದು ‘ಟ್ರ್ಯಾಜಿಕ್’ ಎಂಬ ವಿಶೇಷಣವನ್ನು ಅವನ ಹೆಸರಿನ ಹಿಂದೆ ಶೀರ್ಷಿಕೆಯಲ್ಲಿಟ್ಟರು. ನಾಮಪದವನ್ನು ಕಲಿತವನು ಅದರಿಂದ ಹುಟ್ಟಿದ ಗುಣವಾಚಕವನ್ನು ಎಲ್ಲಿ ಬಳಸಬೇಕೆಂಬುದಕ್ಕೆ ಅದೊಂದು ಉದಾಹರಣೆ. ರಾವಣನು ಸತ್ತನೆಂಬ ಕಾರಣಕ್ಕೆ ಆ ವಿಶೇಷಣವಲ್ಲ; ಒಳ್ಳೆಯದನ್ನು ಕಂಡ ಮೇಲೂ ಅದನ್ನು ಮುಟ್ಟಲಾಗದೆ ಸತ್ತನೆಂಬುದಕ್ಕೆ.

1929ರ ‘ಅಶ್ವತ್ಥಾಮನ್’ ನಾಟಕದಲ್ಲಿ ಶ್ರೀಯವರು ಇನ್ನೂ ಮುಂದಕ್ಕೆ ಹೋದರು. ಸೊಫೊಕ್ಲಿಸ್ ಎಂಬ ಗ್ರೀಕ್ ಕವಿಯ ‘ಅಯಾಸ್’ ಅದಕ್ಕೆ ಮೂಲ. ಇಂಗ್ಲಿಷರು ಆ ವೀರನನ್ನು ಅಜಾಕ್ಸ್ ಎನ್ನುತ್ತಾರೆ. ತನಗೆ ಸಲ್ಲಬೇಕಾದ ಅಕಿಲೀಸನ ಆಯುಧಗಳು ಬೇರೆಯವನಿಗೆ ಸಂದಾಗ ಅವಮಾನದಿಂದ ಬುದ್ಧಿಗೆಟ್ಟು, ಸೇನಾನಾಯಕರೆಂದು ಭ್ರಮಿಸಿ ದನಕುರಿಗಳನ್ನು ಕೊಂದು, ಭ್ರಮೆ ಹರಿದಾಗ ನಾಚಿಕೆಯಿಂದ ತನ್ನ ಖಡ್ಗದ ಮೇಲೆ ತಾನೇ ಬಿದ್ದು ಸಾಯುವ ವೀರನ ಕಥೆ ಅದು. ರಾತ್ರಿಯ ಕತ್ತಲಲ್ಲಿ ಪಾಂಡವರ ಮಕ್ಕಳನ್ನು ಕೊಂದ ಅಶ್ವತ್ಥಾಮನಲ್ಲಿ ಶ್ರೀಯವರು ಆ ವೀರನ ಪ್ರತಿರೂಪವನ್ನು ಕಂಡರು. ಇಲ್ಲಿ ಒಂದು ದೊಡ್ಡ ತೊಡಕಿತ್ತು. ಪುರಾಣದಂತೆ ಅಶ್ವತ್ಥಾಮನು ಚಿರಂಜೀವಿ. ಶ್ರೀಯವರ ನಾಟಕದಲ್ಲಿ ಅವನು ಸಾಯುತ್ತಾನೆ. ಸಂಪ್ರದಾಯವನ್ನು ಮುರಿದರೆಂದು ಟೀಕೆ ಬಂದುದರಲ್ಲಿ ಆಶ್ಚರ್ಯವಿಲ್ಲ. ರಾಮವರ್ಮ ಲೀಲಾವತಿಯರ ಕಾಲದಲ್ಲಿ ಸತ್ತವರನ್ನು ಬದುಕಿಸಿದ ಕನ್ನಡ ನಾಟಕ ನಲವತ್ತು ವರ್ಷ ಕಳೆಯುವಷ್ಟರಲ್ಲಿ ಸಾವಿಲ್ಲದವನನ್ನು ಸಾಯಿಸಿತು. ಅಂತಹ ಪಾಪವನ್ನು ಮಾಡಿದವನು ಸಾವೂ ಬಾರದೆ ಯುಗಯುಗಾಂತರ ಅಲೆಯುವುದು ಹೆಚ್ಚಿನ ಟ್ರ್ಯಾಜೆಡಿಯಲ್ಲವೆ ಎಂದು ನನಗೆ ಎಷ್ಟೋ ಸಲ ಅನಿಸಿದ್ದುಂಟು. ಗ್ರೀಕ್ ಅಚ್ಚಿಗೆ ಕಥೆಯನ್ನು ಒಗ್ಗಿಸುವ ಹುರುಪಿನಲ್ಲಿ ಆಚಾರ್ಯರು ನಮ್ಮ ಪುರಾಣದಲ್ಲಿಯೇ ಇದ್ದ ಘೋರತರವಾದ ಕೊನೆಯನ್ನು ಕೈಬಿಟ್ಟರೇನೋ.

ಮೂರನೆಯ ನಾಟಕ ‘ಪಾರಸಿಕರು’ 1935ರಲ್ಲಿ ಬಂತು. ಇದು ರೂಪಾಂತರವಲ್ಲ, ಈಸ್ಕಿಲಸನ ಕೃತಿಯ ಅನುವಾದ. ಕ್ರಿಸ್ತಪೂರ್ವ 480ರಲ್ಲಿ ಸಲಾಮಿಸ್ ಎಂಬಲ್ಲಿ ಗ್ರೀಕರು ಪಾರಸಿಕ ಚಕ್ರವರ್ತಿಯ ನೌಕಾಸೇನೆಯನ್ನು ನುಚ್ಚುನೂರು ಮಾಡಿದರು. ಎಂಟು ವರ್ಷಗಳ ತರುವಾಯ ಈಸ್ಕಿಲಸನು ಆ ವಿಜಯದ ನಾಟಕವನ್ನು ಬರೆದಾಗ ರಂಗವನ್ನು ಅಥೆನ್ಸಿನಲ್ಲಿಡಲಿಲ್ಲ, ಸೋತವರ ರಾಜಧಾನಿಯಲ್ಲಿಟ್ಟನು. ಮಗನ ಸುದ್ದಿಗಾಗಿ ಕಾಯುವ ಶತ್ರುರಾಜನ ತಾಯಿಯ ದುಃಖವನ್ನು ಗೆದ್ದ ಜನರ ಮುಂದೆ ಹಾಡಿದನು. ಕವಿಯು ಪಾರಸಿಕರೆದುರು ಮಾರಥಾನಿನಲ್ಲಿ ತಾನೇ ಕತ್ತಿಹಿಡಿದು ಕಾದಿದ್ದವನೆಂಬುದನ್ನು ನೆನೆದರೆ ಆ ಔದಾರ್ಯದ ಅಳತೆ ಸಿಕ್ಕೀತು. ಅಭಿಮನ್ಯುವಿನ ಶವದ ಮುಂದೆ ನಿಂತ ದುರ್ಯೋಧನನನ್ನು ಬಲ್ಲ ಕನ್ನಡಿಗನಿಗೆ ಇದು ಪರಕೀಯವಾಗಿ ತೋರದು.

ವಸ್ತು ಸಿದ್ಧವಾದ ಮೇಲೆ ಹೆಸರಿನ ಪ್ರಶ್ನೆ. ಟ್ರ್ಯಾಜೆಡಿಗೆ ‘ದುರಂತ ನಾಟಕ’ವೆಂಬುದು ಒಂದು ಅನುವಾದ. ಅದು ಕೊನೆಯೊಂದನ್ನೇ ನೋಡಿ ಇಟ್ಟ ಹೆಸರು. ಸಂಸ್ಕೃತದಲ್ಲಿ ‘ದುರಂತ’ಕ್ಕೆ ಕೆಟ್ಟ ಕೊನೆಯುಳ್ಳದ್ದು ಎಂಬ ಅರ್ಥದ ಜೊತೆಗೆ ಕೊನೆಯೇ ಕಾಣದ್ದು ಎಂಬ ಅರ್ಥವೂ ಇದೆ. ಅದಿರಲಿ, ಗ್ರೀಕರಲ್ಲಿ ಟ್ರ್ಯಾಜೆಡಿಯೆಂದು ಕರೆಸಿಕೊಂಡ ನಾಟಕಗಳೆಲ್ಲ ಸಾವಿನಲ್ಲಿ ಮುಗಿಯುವುದಿಲ್ಲ. ಈಸ್ಕಿಲಸನ ‘ಯೂಮೆನಿಡಿಸ್’ ಸಂಧಾನದಲ್ಲಿ ಮುಗಿಯುತ್ತದೆ. ಹಾಗಿರುವಾಗ ಕೊನೆಯ ಮೇಲೆ ಹೆಸರಿಟ್ಟರೆ ಅರ್ಥದ ಅರ್ಧ ಜಾರಿಹೋಗುತ್ತದೆ. ಶ್ರೀಯವರ ಬರಹಗಳಿಂದಲೂ ನಾಟಕಗಳಿಂದಲೂ ಕನ್ನಡದಲ್ಲಿ ನೆಲೆಯೂರಿದ ಹೆಸರು ‘ರುದ್ರನಾಟಕ’. ನಮ್ಮ ಮಠದ ಪರಿಸರದಲ್ಲಿ ಬೆಳೆದ ಮಕ್ಕಳಿಗೆ ರುದ್ರಶಬ್ದವನ್ನು ವಿವರಿಸಬೇಕಾಗಿಲ್ಲ. ಅದು ಭಯವನ್ನು ಹುಟ್ಟಿಸುವ ರೂಪ. ಅದೇ ಶಿವನ ಇನ್ನೊಂದು ಮುಖ. ಭಯ, ಕರುಣೆ ಎರಡಕ್ಕೂ ಆ ಒಂದು ಹೆಸರಿನಲ್ಲಿ ಎಡೆಯಿದೆ. ಅಶ್ವತ್ಥಾಮನು ರುದ್ರಾಂಶಸಂಭೂತನೆಂಬ ಪುರಾಣದ ಮಾತೂ ಇಲ್ಲಿಗೆ ಸಲ್ಲುತ್ತದೆ.

ಇದರಿಂದ ಕನ್ನಡಕ್ಕೊಂದು ವಿಚಿತ್ರವಾದ ಲಾಭವಾಯಿತು. ಇಂಗ್ಲಿಷಿನವರು ಕೆರೆಗೆ ಬಸ್ಸು ಉರುಳಿದರೂ ಟ್ರ್ಯಾಜೆಡಿಯೆನ್ನುತ್ತಾರೆ, ಹ್ಯಾಮ್ಲೆಟನ ನಾಟಕವನ್ನೂ ಟ್ರ್ಯಾಜೆಡಿಯೆನ್ನುತ್ತಾರೆ. ಎರಡು ಬಳಕೆಗಳೂ ಅವರಲ್ಲಿ ಹಳೆಯವೇ, ಎರಡೂ ಸರಿಯೇ. ಕನ್ನಡದಲ್ಲಿ ಇವು ಬೇರೆಯಾಗಿವೆ. ಪತ್ರಿಕೆಗಳಲ್ಲಿ ರೈಲು ದುರಂತ, ಗಣಿ ದುರಂತ ಎಂದು ಓದುತ್ತೇವೆ; ರುದ್ರನಾಟಕವೆಂದು ಯಾರೂ ಬರೆಯುವುದಿಲ್ಲ. ಷೇಕ್ಸ್‌ಪಿಯರನ ಪಾಠದಲ್ಲಿ ರುದ್ರನಾಟಕವೆನ್ನುತ್ತೇವೆ. ಆದುದರಿಂದ ವಿದ್ಯಾರ್ಥಿಯು ಇಂಗ್ಲಿಷ್ ವಾಕ್ಯದಲ್ಲಿ ಟ್ರ್ಯಾಜೆಡಿಯನ್ನು ಕಂಡಾಗ, ಇಲ್ಲಿ ಕನ್ನಡದ ಯಾವ ಪದ ಕೂರುತ್ತದೆಂದು ತನ್ನನ್ನು ತಾನೇ ಕೇಳಿಕೊಂಡರೆ ಸಾಕು, ಬಳಕೆ ಸ್ಪಷ್ಟವಾಗುತ್ತದೆ. ಇದನ್ನು ತರಗತಿಯಲ್ಲಿ ಪ್ರಯೋಗಿಸಿ ನೋಡಿದ್ದೇನೆ. ಮೌನವಾಗಿ ಕುಳಿತ ಮಕ್ಕಳು ವಾಕ್ಯ ರಚಿಸತೊಡಗಿದ್ದಾರೆ.

ಶ್ರೀಯವರ ಇತರ ಸೇವೆಗಳು ಪ್ರಸಿದ್ಧವಾದುವು. 1926ರಿಂದ ಕೆಲವು ವರ್ಷ ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದರು. ಅದೇ ಅವಧಿಯಲ್ಲಿ, 1927ರಲ್ಲಿ, ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾದರು. 1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1936ರಲ್ಲಿ ‘ಕನ್ನಡ ಬಾವುಟ’ದ ಸಂಪಾದನೆ, 1938ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ‘ರಾಜಸೇವಾಸಕ್ತ’ ಬಿರುದು, ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಊರೂರು ತಿರುಗಿ ಮಾಡಿದ ಕಾರ್ಯ, 1941ರಲ್ಲಿ ಶಿಷ್ಯರೂ ಅಭಿಮಾನಿಗಳೂ ಒಪ್ಪಿಸಿದ ‘ಸಂಭಾವನೆ’ ಗ್ರಂಥ ಇವೆಲ್ಲವನ್ನೂ ಸಾಹಿತ್ಯಚರಿತ್ರೆಗಳಲ್ಲಿ ಓದಬಹುದು. ಕುವೆಂಪು ಅವರ ಶಿಷ್ಯರು. ನಮ್ಮ ನೆರೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರೂ ಅವರ ಶಿಷ್ಯರೇ. ಗುರುವಿನಂತೆ ಇಂಗ್ಲಿಷ್, ಕನ್ನಡಗಳೆರಡರಲ್ಲಿಯೂ ಪಾರಂಗತರಾದ ತೀ.ನಂ.ಶ್ರೀ. ಗುರುವು ಪಶ್ಚಿಮದಿಂದ ತಂದ ಪ್ರಶ್ನೆಗಳನ್ನು ಬಲ್ಲವರಾಗಿ ಪೂರ್ವದ ಉತ್ತರಗಳತ್ತ ಹೊರಳಿದರು. 1953ರ ಅವರ ‘ಭಾರತೀಯ ಕಾವ್ಯಮೀಮಾಂಸೆ’ ಅದರ ಫಲ. ಅಕ್ಕಪಕ್ಕದ ಎರಡು ತಾಲ್ಲೂಕುಗಳು ಒಂದೇ ಹೆಸರಿನ ಇಬ್ಬರು ಆಚಾರ್ಯರನ್ನು ನಾಡಿಗೆ ಕೊಟ್ಟವೆಂಬುದು ನಮ್ಮ ಮಕ್ಕಳಿಗೆ ತಿಳಿದಿರಲಿ.

ನಿವೃತ್ತಿಯ ತರುವಾಯ ಶ್ರೀಯವರು ವಿಶ್ರಾಂತಿಯನ್ನು ಬಯಸಲಿಲ್ಲ. ಧಾರವಾಡದ ಕೆ.ಇ. ಬೋರ್ಡಿನ ಕಲಾ ಕಾಲೇಜಿಗೆ ಪ್ರಾಂಶುಪಾಲರಾಗಿ ಹೋದರು. ಇಪ್ಪತ್ತೇಳರ ತರುಣನಾಗಿ ಕನ್ನಡದ ಪರವಾಗಿ ನಿಂತು ಮಾತನಾಡಿದ ಅದೇ ಊರಿನಲ್ಲಿ, 1946ರ ಜನವರಿ 5ರಂದು, ಅರುವತ್ತೆರಡು ವರ್ಷ ತುಂಬಿದ ಎರಡನೆಯ ದಿನ, ಅವರು ಕಾಲವಶರಾದರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಅಚ್ಚಾದುದೂ ಅದೇ ವರ್ಷ.